ರಾಕ್‌ಫೆಲರನ ಮಗ ಕಟ್ಟಿಸಿದ ಮನೆ

ನಮ್ಮ ಊರ ಕಡೆ ಯಾರಾದರೂ ಸ್ವಲ್ಪ ಕೈ ಬಿಚ್ಚಿ ಖರ್ಚು ಮಾಡಿದರೆ ಸಾಕು, ಇವನೇನು ಟಾಟಾನೋ ಬಿರ್ಲಾನೋ ಅಂತ ಹಿರಿಯರು ಗೊಣಗುತ್ತಾರೆ. ಅಮೆರಿಕದಲ್ಲಿ ಆ ಜಾಗಕ್ಕೆ ಬರುವ ಹೆಸರು ರಾಕ್‌ಫೆಲರ್. ಸೀಮೆಎಣ್ಣೆಯ ವ್ಯಾಪಾರದಲ್ಲಿ ಕುಬೇರನಾದ ಜಾನ್ ಡಿ. ರಾಕ್‌ಫೆಲರನ ಕಥೆ ಎಲ್ಲರಿಗೂ ಅಷ್ಟೋ ಇಷ್ಟೋ ಗೊತ್ತು. ನಾನು ಬರೆಯಹೊರಟಿರೋದು ಆತನ ಬಗ್ಗೆ ಅಲ್ಲ, ಆತನ ಮಗನ ಬಗ್ಗೆ. ಮಗನ ಹೆಸರೂ ಜಾನ್ ಡಿ. ರಾಕ್‌ಫೆಲರ್ ಎಂದೇ. ಗುರುತಿಗಾಗಿ ಹಿಂದೆ ಒಂದು ಜೂನಿಯರ್ ಸೇರಿಸಿದರು. ನಮ್ಮ ಹಾಸ್ಟೆಲುಗಳಲ್ಲಿ ಜೂನಿಯರ್ ಆದವನು ಮುಂದಿನ ವರ್ಷ ಸೀನಿಯರ್ ಆಗುತ್ತಾನೆ. ಈ ಮನುಷ್ಯ ಎಂಬತ್ತಾರು ವರ್ಷ ಬದುಕಿ, ಮೊಮ್ಮಕ್ಕಳನ್ನು ಕಂಡು, ಕೊನೆಯವರೆಗೂ ಜೂನಿಯರ್ ಆಗಿಯೇ ಉಳಿದ.

ಇವನ ನೆನಪು ನನಗೆ ಯಾಕೆ ಬಂತು ಅಂತ ಮೊದಲು ಹೇಳಿಬಿಡುತ್ತೇನೆ. ಈ ಪುಣೆಗೆ ಬಂದ ಹೊಸದರಲ್ಲಿ ನನಗೆ ಮರಾಠಿ ಬರುತ್ತಿರಲಿಲ್ಲ, ಹಿಂದಿ ಅರ್ಧಂಬರ್ಧ. ಮೆಸ್ಸಿನಲ್ಲಿ ತಟ್ಟೆ ಹಿಡಿದು ನಿಂತು ಯಾವ ಮೇಜಿಗೆ ಹೋಗಬೇಕು ಅಂತ ತಿಳಿಯದೆ ಮೂಲೆಯಲ್ಲಿ ಕೂತು ಉಂಡೆದ್ದು ಬರುತ್ತಿದ್ದೆ. ಒಂದು ಸಂಜೆ ಕಾರಿಡಾರಿನಲ್ಲಿ ನಿಂತು ಅವ್ವನ ಜೊತೆ ಫೋನಿನಲ್ಲಿ ಮಾತಾಡೋದನ್ನ ಕೇಳಿ ಒಬ್ಬ ಹಿರಿಯ ವಿದ್ಯಾರ್ಥಿ ಹತ್ತಿರ ಬಂದು ಯಾವೂರು ಅಂತ ಕೇಳಿದ. ಅವನೇ ನನ್ನನ್ನ ಈ ಸಂಘಕ್ಕೆ ಕರೆತಂದದ್ದು. ಆ ಒಂದು ಪ್ರಶ್ನೆಯ ಬೆಲೆ ಏನು ಅಂತ ಊರು ಬಿಟ್ಟು ಬಂದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಂಥದೇ ಒಂದು ಮಾತಿನಿಂದ ನ್ಯೂಯಾರ್ಕಿನಲ್ಲಿ ಒಂದು ದೊಡ್ಡ ಮನೆ ಎದ್ದಿತು. ಆ ಮಾತನ್ನ ಆಡಿದವನು ಬೇರೆ, ಮನೆ ಕಟ್ಟಿಸಿದವನು ಬೇರೆ. ಕಟ್ಟಿಸಿದವನೇ ನಮ್ಮ ಜೂನಿಯರ್.

ಜೂನಿಯರ್ ಹುಟ್ಟಿದ್ದು 1874ರ ಜನವರಿ 29ರಂದು, ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡಿನಲ್ಲಿ. ಅಕ್ಕಂದಿರ ನಡುವೆ ಒಬ್ಬನೇ ಗಂಡುಮಗ. ಮನೆಯಲ್ಲಿ ಲಕ್ಷ್ಮಿ ಕಾಲು ಮುರಿದುಕೊಂಡು ಬಿದ್ದಿದ್ದಳು ನಿಜ, ಆದರೆ ತಂದೆ ತಾಯಿ ಇಬ್ಬರೂ ಕಟ್ಟಾ ಬ್ಯಾಪ್ಟಿಸ್ಟ್ ಕ್ರೈಸ್ತರು. ಕುಡಿತ, ಕುಣಿತ, ಇಸ್ಪೀಟು ಮನೆಯ ಹೊಸಿಲು ದಾಟುವಂತಿರಲಿಲ್ಲ. ಮಕ್ಕಳು ಕಾಸು ಕಾಸಿಗೂ ಲೆಕ್ಕ ಬರೆಯಬೇಕು. ಮನೆಯಲ್ಲಿ ಸಣ್ಣಪುಟ್ಟ ಕೆಲಸ ಮಾಡಿ ಪುಡಿಗಾಸು ಸಂಪಾದಿಸಬೇಕು, ಅದರಲ್ಲಿ ಇಷ್ಟು ಚರ್ಚಿಗೆ ಅಂತ ತೆಗೆದಿಡಬೇಕು. ಎಂಟು ವರ್ಷ ಆಗುವವರೆಗೂ ಹುಡುಗ ಅಕ್ಕಂದಿರ ಹಳೆಯ ಬಟ್ಟೆಗಳನ್ನೇ ತೊಟ್ಟು ಬೆಳೆದ ಅಂದರೆ ನಂಬುತ್ತೀರಾ? ನಮ್ಮಲ್ಲಿ ಅಣ್ಣನ ಅಂಗಿ ತಮ್ಮನಿಗೆ ಬರೋದು ಬಡತನಕ್ಕೆ. ಅಲ್ಲಿ ಅದು ಶಿಸ್ತಿಗೆ.

ಹೀಗೆ ಬೆಳೆದ ಹುಡುಗ ನಾಚಿಕೆಯವನಾದ. ಬ್ರೌನ್ ವಿಶ್ವವಿದ್ಯಾಲಯದಲ್ಲಿ ಓದುವಾಗಲೂ ಲೆಕ್ಕದ ಪುಸ್ತಕ ಜೊತೆಗೇ ಇತ್ತು. 1897ರಲ್ಲಿ ಪದವಿ ಮುಗಿಸಿ ನ್ಯೂಯಾರ್ಕಿನ 26ನೇ ನಂಬರ್ ಬ್ರಾಡ್‌ವೇಯಲ್ಲಿದ್ದ ತಂದೆಯ ಕಚೇರಿಗೆ ಬಂದು ಕೂತ. ಮೊದಮೊದಲು ಕೆಲಸ ಏನು ಅಂತ ಸರಿಯಾಗಿ ಯಾರೂ ಹೇಳಿಕೊಡಲಿಲ್ಲ. ಷೇರು ವ್ಯವಹಾರಕ್ಕೆ ಕೈ ಹಾಕಿ, ಒಬ್ಬ ಚಾಲಾಕಿ ದಲ್ಲಾಳಿಯ ಮಾತು ನಂಬಿ, ಚರ್ಮದ ಕಂಪನಿಯ ಷೇರಿನಲ್ಲಿ ದೊಡ್ಡ ಮೊತ್ತ ಕಳೆದುಕೊಂಡ. ತಂದೆ ಎಲ್ಲವನ್ನೂ ವಿಚಾರಿಸಿ ತಿಳಿದುಕೊಂಡು, ಬೈಯದೆ ಸಾಲ ತೀರಿಸಿದ. ಬೈದಿದ್ದರೆ ಹಗುರವಾಗುತ್ತಿತ್ತೋ ಏನೋ! ತಾನು ದುಡ್ಡು ಮಾಡುವ ಜಾತಿಯವನಲ್ಲ ಅನ್ನೋದು ಮಗನಿಗೆ ಆಗಲೇ ಹೊಳೆಯಿತು ಅಂತ ಕಾಣುತ್ತೆ. 1910ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ನಿರ್ದೇಶಕ ಸ್ಥಾನ ಬಿಟ್ಟು, ಮುಂದಿನ ಬದುಕೆಲ್ಲ ಕೊಡುವ ಕೆಲಸಕ್ಕೇ ಇಟ್ಟ. ಕೊಡೋದು ಸುಲಭ ಅಂತ ನಮಗೆ ಅನಿಸಬಹುದು. ಸಂಪಾದಿಸಿದವನು ಅಪ್ಪ, ಕೊಡುವವನು ಮಗ, ಜನ ಮಾತ್ರ ಇಬ್ಬರನ್ನೂ ಒಂದೇ ಕಣ್ಣಿನಿಂದ ನೋಡುತ್ತಾರೆ. ಅದು ಸುಲಭದ ಬಾಳಲ್ಲ.

1901ರಲ್ಲಿ ಜೂನಿಯರ್ ಅಬಿ ಆಲ್ಡ್ರಿಚ್ ಎಂಬಾಕೆಯನ್ನ ಮದುವೆಯಾದ. ಆಕೆ ಸೆನೆಟರ್ ಒಬ್ಬರ ಮಗಳು. ಗಂಡ ಎಷ್ಟು ಬಿಗುಮಾನದವನೋ ಹೆಂಡತಿ ಅಷ್ಟೇ ನಗುಮುಖದವಳು. ಮುಂದೆ 1929ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವನ್ನ ಕಟ್ಟಿದ ಮೂವರು ಹೆಂಗಸರಲ್ಲಿ ಈಕೆ ಒಬ್ಬಳು. ಗಂಡನಿಗೆ ಆ ಚಿತ್ರಗಳು ತಲೆಬುಡ ಅರ್ಥವಾಗುತ್ತಿರಲಿಲ್ಲ ಅನ್ನೋದು ಬೇರೆ ಮಾತು. ಒಬ್ಬ ಮಗಳು, ಐವರು ಗಂಡುಮಕ್ಕಳು. ನೀಗ್ರೋ ಜನರನ್ನಾಗಲಿ ಯಹೂದ್ಯರನ್ನಾಗಲಿ ಯಾವತ್ತೂ ಹೀನಾಯವಾಗಿ ಕಾಣಬೇಡಿ ಅಂತ ಅಬಿ ತನ್ನ ಗಂಡುಮಕ್ಕಳಿಗೆ ಪತ್ರ ಬರೆದು ಬುದ್ಧಿ ಹೇಳಿದ್ದಳು. ಆ ಕಾಲದ ಶ್ರೀಮಂತರ ಮನೆಗಳಲ್ಲಿ ಇದು ದಿನನಿತ್ಯದ ಮಾತಲ್ಲ.

1913ರಲ್ಲಿ ತಂದೆ ಮಗ ಸೇರಿ ರಾಕ್‌ಫೆಲರ್ ಫೌಂಡೇಷನ್ ಸ್ಥಾಪಿಸಿದರು. ಅದರ ಮೊದಲ ಅಧ್ಯಕ್ಷ ಜೂನಿಯರ್. ಈ ಹೆಸರು ಪುಣೆಯ ಕನ್ನಡಿಗರಾದ ನಮಗೆ ದೂರದ್ದೇನಲ್ಲ. 1952ರಲ್ಲಿ ಈ ಊರಿನಲ್ಲಿ ವೈರಸ್ ಸಂಶೋಧನಾ ಕೇಂದ್ರ ಶುರುವಾದದ್ದು ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಆ ಫೌಂಡೇಷನ್ ಕೈಗೂಡಿಸಿದ್ದರಿಂದ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಪಟಪಟ ಸತ್ತು ಬಿದ್ದು, ಜನಕ್ಕೂ ಜ್ವರ ಹತ್ತಿದಾಗ ಹೋಗಿ ಆ ರೋಗಾಣುವನ್ನ ಪತ್ತೆ ಹಚ್ಚಿದವರು ಇದೇ ಕೇಂದ್ರದವರು. ಮಂಗನ ಕಾಯಿಲೆ ಅಂತ ನಮ್ಮ ಮಲೆನಾಡಿನವರು ಹೆದರಿ ಹೇಳುವುದು ಅದನ್ನೇ. ಆ ಕೇಂದ್ರವೇ 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆಯಾಯಿತು. ಕ್ಲೀವ್‌ಲ್ಯಾಂಡಿನ ಎಣ್ಣೆಯ ದುಡ್ಡು ಸೊರಬದ ಕಾಡಿನವರೆಗೂ ಹರಿದು ಬಂದಿತ್ತು, ನೋಡಿ.

ಆದರೆ ಅದೇ ದುಡ್ಡಿಗೆ ರಕ್ತವೂ ಅಂಟಿತ್ತು. ಇದನ್ನ ಮುಚ್ಚಿಟ್ಟು ಜೂನಿಯರನ ಕಥೆ ಹೇಳಿದರೆ ಅದು ಕಥೆಯಲ್ಲ, ಹೊಗಳುಭಟರ ಬಿರುದಾವಳಿ. ಕೊಲರಾಡೋ ರಾಜ್ಯದಲ್ಲಿ ಒಂದು ಕಲ್ಲಿದ್ದಲು ಮತ್ತು ಕಬ್ಬಿಣದ ಕಂಪನಿ ಇತ್ತು. ಅದರಲ್ಲಿ ನೂರಕ್ಕೆ ಸುಮಾರು ನಲವತ್ತು ಪಾಲು ರಾಕ್‌ಫೆಲರ್ ಮನೆತನದ್ದು. ಗಣಿಯೊಳಗೆ ಇಳಿಯುತ್ತಿದ್ದವರಲ್ಲಿ ಬಹುಪಾಲು ಹೊರದೇಶದಿಂದ ಹೊಟ್ಟೆಪಾಡಿಗೆ ಬಂದವರು. ಗ್ರೀಕರು, ಇಟಲಿಯವರು, ಸ್ಲಾವ್ ಜನ, ಮೆಕ್ಸಿಕೋದವರು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಅವರು ವಾಸಿಸುತ್ತಿದ್ದ ಮನೆ ಕಂಪನಿಯದು, ಸಾಮಾನು ಕೊಳ್ಳುತ್ತಿದ್ದ ಅಂಗಡಿ ಕಂಪನಿಯದು. 1913ರ ಸೆಪ್ಟೆಂಬರಿನಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು. ಹೂಡಿದ ಕೂಡಲೇ ಅವರನ್ನೆಲ್ಲ ಹೆಂಡತಿ ಮಕ್ಕಳ ಸಮೇತ ಕಂಪನಿಯ ಮನೆಗಳಿಂದ ಹೊರಗೆ ಹಾಕಲಾಯಿತು. ಲಡ್ಲೋ ಎಂಬಲ್ಲಿ ಬಯಲಿನಲ್ಲಿ ಡೇರೆ ಹೊಡೆದು, ಚಳಿಗಾಲ ಪೂರ್ತಿ ಹಿಮದಲ್ಲಿ ಅವರು ಕಾಲ ಕಳೆದರು.

1914ರ ಏಪ್ರಿಲ್ ಮೊದಲ ವಾರದಲ್ಲಿ ಜೂನಿಯರನನ್ನ ಸಂಸತ್ತಿನ ಸಮಿತಿಯ ಮುಂದೆ ಕರೆಸಿ ಕೇಳಿದರು. ತಾನು ಕೊಲರಾಡೋಗೆ ಹೋಗಿ ಹತ್ತು ವರ್ಷವಾಯಿತು ಅಂತ ಒಪ್ಪಿಕೊಂಡ. ಆದರೂ ಅಲ್ಲಿನ ಅಧಿಕಾರಿಗಳು ಮಾಡುತ್ತಿರೋದೇ ಸರಿ, ಕಾರ್ಮಿಕ ಸಂಘಕ್ಕೆ ಮನ್ನಣೆ ಕೊಡೋದಿಲ್ಲ ಅಂತ ಪಟ್ಟು ಹಿಡಿದ. ತಂದೆಗೆ ಮಗನ ಸಾಕ್ಷ್ಯ ಬಹಳ ಮೆಚ್ಚುಗೆಯಾಯಿತು. ಎರಡು ವಾರ ಕಳೆಯಿತು ಅಷ್ಟೆ. ಏಪ್ರಿಲ್ 20ರಂದು ಸರ್ಕಾರಿ ಪಡೆ ಡೇರೆಗಳ ಮೇಲೆ ಗುಂಡು ಹಾರಿಸಿತು. ಸಂಜೆ ಹೊತ್ತಿಗೆ ಡೇರೆಗಳು ಹತ್ತಿಕೊಂಡು ಉರಿದವು. ಒಂದು ಡೇರೆಯ ಕೆಳಗೆ ಗುಂಡಿ ತೋಡಿ ಅಡಗಿಕೊಂಡಿದ್ದ ಹನ್ನೊಂದು ಮಕ್ಕಳು, ಇಬ್ಬರು ಹೆಂಗಸರು ಹೊಗೆಯಲ್ಲಿ ಉಸಿರುಗಟ್ಟಿ ಸತ್ತರು. ನ್ಯೂಯಾರ್ಕಿನಲ್ಲಿ ಕಚೇರಿಯ ಮುಂದೆ ಜನ ಕಪ್ಪು ಪಟ್ಟಿ ಕಟ್ಟಿಕೊಂಡು ನಿಂತರು. ದೇಶವೆಲ್ಲ ಜೂನಿಯರನ ಹೆಸರು ಹಿಡಿದು ಶಪಿಸಿತು.

ಮೊದಲಿಗೆ ಈತ ತಪ್ಪು ತನ್ನದಲ್ಲ ಅಂತಲೇ ವಾದಿಸಿದ. ಆಮೇಲೆ ನಿಧಾನವಾಗಿ ಬದಲಾದ. ಮುಂದೆ ಕೆನಡಾದ ಪ್ರಧಾನಿಯಾದ ಮೆಕೆಂಝಿ ಕಿಂಗ್ ಎಂಬಾತನನ್ನ ಸಲಹೆಗಾರನನ್ನಾಗಿ ಕರೆಸಿಕೊಂಡ. ನೀನು ಯಾರ ದುಡಿಮೆಯಿಂದ ಉಣ್ಣುತ್ತೀಯೋ ಅವರ ಮುಖ ನೋಡು ಅನ್ನೋದು ಕಿಂಗನ ಸಲಹೆಯ ಸಾರ. ಗಣಿ ಕಾರ್ಮಿಕರ ಪರವಾಗಿ ಹೋರಾಡುತ್ತಿದ್ದ ಮದರ್ ಜೋನ್ಸ್ ಎಂಬ ಮುದುಕಿಯನ್ನ ಜೂನಿಯರ್ ಭೇಟಿಯಾದ. 1915ರ ಸೆಪ್ಟೆಂಬರಿನಲ್ಲಿ ಕೊಲರಾಡೋಗೆ ಹೋಗಿ, ಎರಡು ವಾರ ಗಣಿಯಿಂದ ಗಣಿಗೆ ತಿರುಗಿದ. ಕಾರ್ಮಿಕರ ಪಂಕ್ತಿಯಲ್ಲಿ ಕೂತು ಉಂಡ, ಅವರ ಮನೆಗಳ ಒಳಗೆ ಹೋಗಿ ನೋಡಿದ. ಕುಣಿಯಬಾರದು ಅಂತ ಬೆಳೆಸಿದ್ದ ಆ ಮನುಷ್ಯ ಒಂದು ರಾತ್ರಿ ಗಣಿಗಾರರ ಹೆಂಡಿರ ಜೊತೆ ಕುಣಿದ. ಕಾರ್ಮಿಕರ ಪ್ರತಿನಿಧಿಗಳಿಗೂ ಜಾಗವಿರುವ ಒಂದು ಯೋಜನೆ ತಂದ. ಅದು ಅರೆಮನಸ್ಸಿನ ಯೋಜನೆ ಅನ್ನೋದೂ ಖರೆ. ಕಾರ್ಮಿಕರು ಕೇಳಿದ್ದು ಸ್ವತಂತ್ರ ಸಂಘ, ಸಿಕ್ಕಿದ್ದು ಕಂಪನಿಯ ನೆರಳಿನ ಸಂಘ. ಸತ್ತ ಮಕ್ಕಳಂತೂ ಎದ್ದು ಬರಲಿಲ್ಲ. ಆದರೂ ಒಂದು ಪಾಠ ಈತನಿಗೆ ದಕ್ಕಿತು ಅಂತ ನನಗನಿಸುತ್ತೆ. ಒಂದೇ ಮೇಜಿಗೆ ಕೂತು ಉಣ್ಣದ ಜನ ಒಬ್ಬರಿಗೊಬ್ಬರು ಬರೀ ಲೆಕ್ಕದ ಪುಸ್ತಕದ ಅಂಕಿಗಳಾಗಿಬಿಡುತ್ತಾರೆ.

ಈಗ ಕೊಲರಾಡೋ ಬಿಟ್ಟು ನ್ಯೂಯಾರ್ಕಿಗೆ ಬರೋಣ, ಕೆಲವು ವರ್ಷ ಹಿಂದಕ್ಕೂ ಹೋಗೋಣ. 1909ರ ಒಂದು ಬೆಳಿಗ್ಗೆ. ಹ್ಯಾರಿ ಎಡ್ಮಂಡ್ಸ್ ಎಂಬ ಯುವಕ ಕೊಲಂಬಿಯಾ ವಿಶ್ವವಿದ್ಯಾಲಯದ ಲೈಬ್ರರಿಯ ಮೆಟ್ಟಿಲು ಹತ್ತುತ್ತಿದ್ದ. ವೈ.ಎಂ.ಸಿ.ಎ. ಸಂಸ್ಥೆಯ ಕೆಲಸಗಾರ. ಎದುರಿಗೆ ಒಬ್ಬ ಚೀನೀ ವಿದ್ಯಾರ್ಥಿ ಇಳಿದು ಬರುತ್ತಿದ್ದ. ಎಡ್ಮಂಡ್ಸ್ ದಾರಿಹೋಕರಿಗೆ ಹೇಳುವಂತೆ ಒಂದು ನಮಸ್ಕಾರ ಹೇಳಿ ಮುಂದೆ ನಡೆದ. ಆ ಹುಡುಗ ಅಲ್ಲೇ ನಿಂತುಬಿಟ್ಟ. ತಾನು ನ್ಯೂಯಾರ್ಕಿಗೆ ಬಂದು ಮೂರು ವಾರವಾಯಿತು, ತನ್ನನ್ನ ಮಾತಾಡಿಸಿದ ಮೊದಲನೆಯ ಮನುಷ್ಯ ನೀವೇ ಅಂತ ಹೇಳಿದ. ಲಕ್ಷಗಟ್ಟಲೆ ಜನರ ಪಟ್ಟಣ, ಮೂರು ವಾರ, ಒಂದು ಮಾತಿಲ್ಲ.

ಎಡ್ಮಂಡ್ಸ್ ಮನೆಗೆ ಹೋಗಿ ಹೆಂಡತಿ ಫ್ಲಾರೆನ್ಸಳಿಗೆ ಇದನ್ನ ಹೇಳಿದ. ಇದಕ್ಕೆ ನಾವೇನಾದರೂ ಮಾಡಬಾರದೇ ಅಂತ ಆಕೆ ಕೇಳಿದಳು. ಗಂಡ ಹೆಂಡತಿ ಸೇರಿ ಭಾನುವಾರದ ಸಂಜೆ ಒಂದಷ್ಟು ಪರದೇಶದ ವಿದ್ಯಾರ್ಥಿಗಳನ್ನ ತಮ್ಮ ಮನೆಗೆ ಊಟಕ್ಕೆ ಕರೆಯತೊಡಗಿದರು. ಭಾಷಣ ಇಲ್ಲ, ಧರ್ಮಬೋಧೆ ಇಲ್ಲ. ಬರೀ ಊಟ, ಮಾತು, ಅವರವರ ನಾಡಿನ ಹಾಡು. ವಾರದಿಂದ ವಾರಕ್ಕೆ ಬರುವವರು ಹೆಚ್ಚಿದರು, ಮನೆ ಸಾಲದಾಯಿತು. ಕಾಸ್ಮಾಪಾಲಿಟನ್ ಕ್ಲಬ್ ಅಂತ ಒಂದು ಕೂಟ ಹುಟ್ಟಿತು, ಕೆಲವೇ ವರ್ಷದಲ್ಲಿ ನೂರಾರು ಸದಸ್ಯರಾದರು. ಆದರೆ ಭಾನುವಾರದ ಊಟ ಮುಗಿದ ಮೇಲೆ ಹುಡುಗರು ಹೋಗಬೇಕಾದದ್ದು ಮತ್ತೆ ಅದೇ ಬಾಡಿಗೆ ಕೋಣೆಗಳಿಗೆ. ಮೈಬಣ್ಣ ನೋಡಿ ಬಾಗಿಲು ಹಾಕುವ ಮನೆ ಮಾಲೀಕರ ಊರು ಅದು. ವಾರಕ್ಕೊಂದು ಊಟ ಸಾಲದು, ಇವರೆಲ್ಲ ಕೂಡಿ ಬದುಕುವ ಒಂದು ಮನೆಯೇ ಬೇಕು ಅಂತ ಎಡ್ಮಂಡ್ಸನಿಗೆ ತೋರಿತು. ಅಷ್ಟು ದೊಡ್ಡ ಮನೆ ಕಟ್ಟಿಸಲು ದುಡ್ಡೆಲ್ಲಿ? ಜೂನಿಯರನ ಬಾಗಿಲಿಗೆ ಬಂದ.

ಜೂನಿಯರನ ಬಾಗಿಲಿಗೆ ದಿನಾ ಎಷ್ಟೋ ಜನ ಬರುತ್ತಿದ್ದರು. ಎಲ್ಲರಿಗೂ ಸಿಗುತ್ತಿರಲಿಲ್ಲ, ಸಿಕ್ಕವರಿಗೂ ಸುಮ್ಮನೆ ಸಿಗುತ್ತಿರಲಿಲ್ಲ. ಲೆಕ್ಕ ನೋಡಿ, ವಿಚಾರಿಸಿ, ತಿಂಗಳುಗಟ್ಟಲೆ ಯೋಚಿಸಿ ಕೊಡುವ ಸ್ವಭಾವ ಆತನದು. ಈ ಕೆಲಸ ಗಂಡ ಹೆಂಡತಿ ಇಬ್ಬರಿಗೂ ಹಿಡಿಸಿತು. ಹಡ್ಸನ್ ನದಿಯ ದಂಡೆಯ ಹತ್ತಿರ, ರಿವರ್‌ಸೈಡ್ ಡ್ರೈವ್ ರಸ್ತೆಯ 500ನೇ ನಂಬರಿನಲ್ಲಿ, ಜನರಲ್ ಗ್ರಾಂಟನ ಸಮಾಧಿಯ ಸಮೀಪ ಮನೆ ಎದ್ದಿತು. 1924ರಲ್ಲಿ ಬಾಗಿಲು ತೆರೆಯಿತು. ಅದಕ್ಕೆ ಇಟ್ಟ ಹೆಸರು ಇಂಟರ್‌ನ್ಯಾಷನಲ್ ಹೌಸ್. ಸಹೋದರತ್ವ ಮೇಲುಗೈಯಾಗಲಿ ಎಂಬ ಹಾರೈಕೆಯನ್ನ ಅದು ತನ್ನ ಧ್ಯೇಯವಾಗಿ ಇಟ್ಟುಕೊಂಡಿತು.

ಆ ಮನೆಯ ಏರ್ಪಾಡು ಗಮನಿಸುವಂಥದು. ಅದು ಧರ್ಮಛತ್ರವಲ್ಲ, ವಿದ್ಯಾರ್ಥಿಗಳು ಬಾಡಿಗೆ ಕೊಟ್ಟೇ ಇರಬೇಕು. ಆದರೆ ಲಾಭಕ್ಕಾಗಿ ನಡೆಸುವ ಲಾಡ್ಜಿಂಗೂ ಅಲ್ಲ. ಯಾವುದೇ ಒಂದು ವಿಶ್ವವಿದ್ಯಾಲಯಕ್ಕೆ ಸೇರಿದ್ದಲ್ಲ, ಊರಿನ ಎಲ್ಲ ವಿದ್ಯಾಸಂಸ್ಥೆಗಳವರಿಗೂ ತೆರೆದದ್ದು. ಮಲಗುವ ಕೋಣೆಗಳು ಚಿಕ್ಕವು, ಕೂಡುವ ಹಜಾರಗಳು ದೊಡ್ಡವು. ಕೋಣೆಯಲ್ಲಿ ಹೆಚ್ಚು ಹೊತ್ತು ಕೂರಲಾರದೆ ಮನುಷ್ಯ ಹೊರಗೆ ಬರಲೇಬೇಕು, ಬಂದರೆ ಯಾರಾದರೂ ಎದುರಾಗಲೇಬೇಕು. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಭಾಗ, ಸೂರು ಮಾತ್ರ ಒಂದೇ. ಎಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ. ಅಲ್ಲಿ ಪರದೇಶದವರಷ್ಟೇ ಅಲ್ಲ, ಅಮೆರಿಕದ ವಿದ್ಯಾರ್ಥಿಗಳೂ ಇರಬೇಕು. ಪರದೇಶದವರನ್ನೆಲ್ಲ ಒಂದು ಕಡೆ ಕೂಡಿಹಾಕಿದರೆ ಅದು ದೊಡ್ಡಿಯಾಗುತ್ತದೆಯೇ ಹೊರತು ಮನೆಯಾಗುವುದಿಲ್ಲ. ಎಡ್ಮಂಡ್ಸ್ ದಂಪತಿಗಳ ಭಾನುವಾರದ ಊಟ ಅಲ್ಲಿಯೂ ಮುಂದುವರಿಯಿತು. ದೇಶದೇಶದವರು ಒಬ್ಬರ ಮೇಣದಬತ್ತಿಯಿಂದ ಇನ್ನೊಬ್ಬರು ಹೊತ್ತಿಸಿಕೊಳ್ಳುವ ಒಂದು ಆಚರಣೆಯೂ ಬೆಳೆದು ಬಂತು.

1924 ಎಂಥ ವರ್ಷ ಅನ್ನೋದನ್ನೂ ನೆನೆಯಬೇಕು. ಅದೇ ವರ್ಷ ಅಮೆರಿಕದ ಸರ್ಕಾರ ಏಷ್ಯಾದವರು ಅಲ್ಲಿ ನೆಲೆಸಲು ಬರೋದನ್ನ ಹೆಚ್ಚುಕಡಿಮೆ ಪೂರ್ತಿ ನಿಲ್ಲಿಸುವ ಕಾನೂನು ಮಾಡಿತು. ಅದಕ್ಕೆ ಹಿಂದಿನ ವರ್ಷ, ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಯ ಮೊಕದ್ದಮೆಯಲ್ಲಿ, ಭಾರತೀಯರು ಬಿಳಿಯರಲ್ಲವಾದ್ದರಿಂದ ಪೌರರಾಗಲು ಅರ್ಹರಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತ್ತು. ದೇಶ ಬಾಗಿಲು ಹಾಕುತ್ತಿದ್ದಾಗ ಈ ಮನೆ ಬಾಗಿಲು ತೆರೆಯಿತು. ಲಡ್ಲೋದಲ್ಲಿ ಪರದೇಶದವರನ್ನ ಮನೆ ಬಿಡಿಸಿ ಬಯಲಿಗೆ ಹಾಕಿದ ಕಂಪನಿಯ ಪಾಲುದಾರ, ಡೇರೆಗಳು ಉರಿದ ಹತ್ತು ವರ್ಷಕ್ಕೆ ಸರಿಯಾಗಿ ಪರದೇಶದವರಿಗೆ ಒಂದು ಮನೆ ಕಟ್ಟಿಸಿಕೊಟ್ಟ. ಎರಡಕ್ಕೂ ಗಂಟು ಹಾಕುತ್ತಿರುವವನು ನಾನು. ಗಣಿಯವರ ಸಾಲ ವಿದ್ಯಾರ್ಥಿಗಳಿಗೆ ಕೊಟ್ಟರೆ ತೀರೋದಿಲ್ಲ. ಆದರೂ ಆ ಹತ್ತು ವರ್ಷದ ಅಂತರ ನನ್ನ ಕಣ್ಣಿಗೆ ಕುತ್ತುತ್ತಲೇ ಇರುತ್ತದೆ.

ನ್ಯೂಯಾರ್ಕಿನ ಮನೆ ನೋಡಿ ಸಂತೋಷವಾಗಿ, ದೇಶದ ಆ ತುದಿಯಲ್ಲೂ ಅಂಥದೊಂದು ಬೇಕು ಅಂತ ಜೂನಿಯರ್ ಎಡ್ಮಂಡ್ಸನನ್ನ ಪಶ್ಚಿಮ ಕರಾವಳಿಗೆ ಕಳಿಸಿದ. ಎಡ್ಮಂಡ್ಸ್ ಆರಿಸಿದ್ದು ಕ್ಯಾಲಿಫೋರ್ನಿಯಾದ ಬರ್ಕ್‌ಲಿ. ಏಷ್ಯಾದಿಂದ ಹಡಗು ಹತ್ತಿದವರು ಮೊದಲು ಇಳಿಯುತ್ತಿದ್ದದ್ದು ಆ ಕಡೆ. ನಮ್ಮ ಜಯಪ್ರಕಾಶ ನಾರಾಯಣರು 1922ರಲ್ಲಿ ಓದಲು ಹೋದದ್ದೂ ಅಲ್ಲಿಗೇ. ಹಣ್ಣಿನ ತೋಟಗಳಲ್ಲಿ ಕೂಲಿ ಮಾಡಿ ಫೀಸು ಹೊಂದಿಸಿದರು. ಆ ಊರಿನಲ್ಲಿ ಬಣ್ಣದ ಜನಕ್ಕೆ ಬಾಡಿಗೆಗೆ ಕೋಣೆ ಸಿಗೋದು ಕಷ್ಟ, ಹೋಟೆಲಿನಲ್ಲಿ ಊಟ ಸಿಗೋದೂ ಕಷ್ಟ. ಎಡ್ಮಂಡ್ಸ್ ಬೇಕೆಂದೇ ಪೀಡ್‌ಮಾಂಟ್ ಅವೆನ್ಯೂ ಎಂಬ ರಸ್ತೆಯಲ್ಲಿ ಜಾಗ ಆರಿಸಿದ. ಯಾಕೆ ಅಂದರೆ ಬಿಳಿಯರಲ್ಲದವರನ್ನ ಹತ್ತಿರ ಸೇರಿಸದ ವಿದ್ಯಾರ್ಥಿ ಕೂಟಗಳ ಮನೆಗಳಿದ್ದದ್ದು ಆ ರಸ್ತೆಯಲ್ಲೇ. ಗಂಟು ಎಲ್ಲಿದೆಯೋ ಅಲ್ಲೇ ಬಿಚ್ಚಬೇಕು ಅನ್ನೋದು ಅವನ ಲೆಕ್ಕ.

ಊರು ರೇಗಿತು. ನೂರಾರು ಮಂದಿ ಮನೆ ಮಾಲೀಕರು ಸಭೆ ಸೇರಿದರು. ಬೇರೆ ಬೇರೆ ಬಣ್ಣದವರು, ಅದರಲ್ಲೂ ಗಂಡು ಹೆಣ್ಣು, ಒಂದೇ ಸೂರಿನ ಕೆಳಗಿದ್ದರೆ ಊರು ಕೆಟ್ಟುಹೋಗುತ್ತದೆ, ಏಷ್ಯಾದವರೂ ಕರಿಯರೂ ಬಂದು ತುಂಬಿಕೊಳ್ಳುತ್ತಾರೆ ಅಂತ ಕೂಗಾಡಿದರು. ಆ ಸಭೆಯಲ್ಲಿ ಎದ್ದು ನಿಂತು ಮನೆಯ ಪರವಾಗಿ ಮಾತಾಡಿದವಳು ಡಿಲೈಲಾ ಬೀಸ್ಲಿ ಎಂಬ ಕರಿಯ ಪತ್ರಕರ್ತೆ. ಓಕ್‌ಲ್ಯಾಂಡಿನ ಪತ್ರಿಕೆಗೆ ಬರೆಯುತ್ತಿದ್ದವಳು. ಅಷ್ಟು ಜನ ಎದುರಾಳಿಗಳ ಮುಂದೆ ಒಂಟಿ ಹೆಂಗಸು ಎದ್ದು ನಿಲ್ಲೋದು ಅಂದರೆ ಸಾಮಾನ್ಯ ಗುಂಡಿಗೆಯೇ? ಕೊನೆಗೂ ಕಟ್ಟಡ ನಿಂತಿತು. ಜೂನಿಯರ್ ಅದಕ್ಕೆ ಹದಿನೆಂಟು ಲಕ್ಷ ಡಾಲರ್ ಕೊಟ್ಟ. 1930ರ ಆಗಸ್ಟ್ 18ರಂದು ಬಾಗಿಲು ತೆರೆಯಿತು. ಹದಿನೆಂಟು ಲಕ್ಷ ಎಲ್ಲ ದಾಖಲೆಯಲ್ಲೂ ಇದೆ. ಬೀಸ್ಲಿಯ ಆ ಹೊತ್ತಿನ ಎದೆಗಾರಿಕೆಗೆ ಬೆಲೆ ಕಟ್ಟುವ ನಾಣ್ಯ ಇನ್ನೂ ಟಂಕಿಸಿಲ್ಲ.

ಬರ್ಕ್‌ಲಿಯವರನ್ನ ಬೈದು ಬಿಡೋದು ನಮಗೆ ಸುಲಭ. ಹಾಗೆ ಬೈಯುವ ಮುಂಚೆ ಒಂದು ಸಂಗತಿ ನೆನಪು ಮಾಡಿಕೊಳ್ಳೋಣ. ಈ ಮನೆ ಏಳುವುದಕ್ಕೂ ಮುಂಚೆ, 1913ರಿಂದ 1916ರವರೆಗೆ, ಅದೇ ಕೊಲಂಬಿಯಾದಲ್ಲಿ ಅಂಬೇಡ್ಕರ್ ಓದಿದರು. ಅಲ್ಲಿ ಓದಿ, ಲಂಡನ್ನಿಗೂ ಹೋಗಿ, 1917ರಲ್ಲಿ ಬರೋಡಾಕ್ಕೆ ನೌಕರಿಗೆ ಬಂದಾಗ ಅವರಿಗೆ ಇಡೀ ಊರಿನಲ್ಲಿ ಒಂದು ಕೋಣೆ ಸಿಗಲಿಲ್ಲ. ಬೇರೆ ಹೆಸರು ಹೇಳಿ ಒಂದು ಪಾರ್ಸಿ ವಸತಿಗೃಹದಲ್ಲಿ ಇಳಿದುಕೊಂಡಿದ್ದರು. ಜಾತಿ ತಿಳಿದ ಮೇಲೆ ಜನ ದೊಣ್ಣೆ ಹಿಡಿದು ಬಂದು ಹೊರಡಿಸಿದರು. ಸಾರ್ವಜನಿಕ ತೋಟದಲ್ಲಿ ಕೂತು ಅವರು ಕಣ್ಣೀರು ಹಾಕಿದರು. ಪರದೇಶದಲ್ಲಿ ಪರಕೀಯನಾಗೋದು ಒಂದು ನೋವು. ಸ್ವದೇಶದಲ್ಲಿ ಪರಕೀಯನಾಗೋದಕ್ಕೆ ಏನು ಹೆಸರು?

ಕಥೆ ಮುಂದುವರಿಸುತ್ತೇನೆ. 1932ರಲ್ಲಿ ಮೂರನೆಯ ಮನೆ ಷಿಕಾಗೋದಲ್ಲಿ ಎದ್ದಿತು. ಅಲ್ಲಿನ ವಿಶ್ವವಿದ್ಯಾಲಯವನ್ನ ದುಡ್ಡು ಕೊಟ್ಟು ಕಟ್ಟಿಸಿದವನು ಜೂನಿಯರನ ತಂದೆ. ನಮ್ಮ ಕವಿ ಎ.ಕೆ. ರಾಮಾನುಜನ್ 1993ರಲ್ಲಿ ತೀರಿಕೊಳ್ಳುವವರೆಗೂ ಮೂವತ್ತು ವರ್ಷ ಪಾಠ ಹೇಳಿದ್ದು, ನಮ್ಮ ವಚನಕಾರರನ್ನ ಇಂಗ್ಲಿಷ್ ಓದುಗರ ಮನೆಗೆ ತಲುಪಿಸಿದ್ದು, ಅದೇ ವಿಶ್ವವಿದ್ಯಾಲಯದಿಂದ. 1936ರಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿ ನಗರಿಯ ನಡುವೆ ಅಂತರರಾಷ್ಟ್ರೀಯ ಭವನ ತೆರೆಯಿತು. ಅದಕ್ಕೂ ಜೂನಿಯರನದೇ ದುಡ್ಡು. ಆ ಆವರಣದಲ್ಲಿ ದೇಶಕ್ಕೊಂದರಂತೆ ಎಷ್ಟೋ ಮನೆಗಳಿವೆ, ನಮ್ಮ ಭಾರತ ಭವನವೂ ಇದೆ. ಈ ಮನೆಗಳ ಊಟದ ಮೇಜಿಗೆ ಎದುರುಬದುರು ಕೂತಿದ್ದ ದೇಶಗಳ ಹುಡುಗರೇ ಮುಂದೆ ಮಹಾಯುದ್ಧದಲ್ಲಿ ಎದುರುಬದುರು ನಿಲ್ಲಬೇಕಾಯಿತು. ಕೂಡಿ ಉಂಡ ಮಾತ್ರಕ್ಕೆ ಯುದ್ಧ ನಿಲ್ಲೋದಿಲ್ಲ. ಹಾಗಂತ ಊಟ ನಿಲ್ಲಿಸಬೇಕೆ?

ಜೂನಿಯರ್ ನಿಲ್ಲಿಸಲಿಲ್ಲ. ಯುದ್ಧಕ್ಕೂ ಮುಂಚೆ, 1927ರಲ್ಲಿ, ಜಿನೀವಾದ ರಾಷ್ಟ್ರಸಂಘದ ಗ್ರಂಥಾಲಯಕ್ಕೆ ಇಪ್ಪತ್ತು ಲಕ್ಷ ಡಾಲರ್ ಕೊಟ್ಟಿದ್ದ. ಆ ರಾಷ್ಟ್ರಸಂಘ ಮುರಿದುಬಿತ್ತು. ಯುದ್ಧ ಮುಗಿದು ವಿಶ್ವಸಂಸ್ಥೆ ಹುಟ್ಟಿದಾಗ ಅದಕ್ಕೆ ನೆಲೆಯಿರಲಿಲ್ಲ. 1946ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಈಸ್ಟ್ ನದಿಯ ದಂಡೆಯ ಜಾಗ ಕೊಳ್ಳಲು ಎಂಬತ್ತೈದು ಲಕ್ಷ ಡಾಲರ್ ತೆತ್ತ. ಇಂದಿಗೂ ವಿಶ್ವಸಂಸ್ಥೆ ನಿಂತಿರೋದು ಆ ನೆಲದ ಮೇಲೆ. ಒಂದು ಲೆಕ್ಕದಲ್ಲಿ ಅದೂ ಪರದೇಶದವರು ಕೂಡುವ ಮನೆಯೇ. ಇಷ್ಟೆಲ್ಲ ಕೊಟ್ಟವನು ಜೇಬಿನಲ್ಲಿ ಮಡಚುವ ಅಳತೆಗೋಲು ಇಟ್ಟುಕೊಂಡು, ಕಟ್ಟಡದ ಕೆಲಸ ನಡೆಯುವ ಕಡೆ ಹೋಗಿ ಅಳೆದು ನೋಡುತ್ತಿದ್ದ. ಲೆಕ್ಕದ ಪುಸ್ತಕದ ಹುಡುಗ ಕೊನೆಯವರೆಗೂ ಸಾಯಲಿಲ್ಲ. ತಂದೆ 1937ರಲ್ಲಿ ತೊಂಬತ್ತೇಳು ವರ್ಷಕ್ಕೆ ತೀರಿಕೊಂಡ. ಅಬಿ 1948ರಲ್ಲಿ ಹೋದಳು. 1960ರ ಮೇ 11ರಂದು ಅರಿಜೋನಾದ ಟೂಸಾನಿನಲ್ಲಿ ಜೂನಿಯರನೂ ಕಣ್ಣು ಮುಚ್ಚಿದ. ದೆಹಲಿಯ ಓದುಗರಿಗೆ ಒಂದು ಮಾತು: ಲೋದಿ ತೋಟದ ಪಕ್ಕದ ಇಂಡಿಯಾ ಇಂಟರ್‌ನ್ಯಾಷನಲ್ ಸೆಂಟರ್ 1962ರಲ್ಲಿ ತೆರೆಯಿತಲ್ಲ, ಅದರ ಹುಟ್ಟಿನಲ್ಲಿ ಡಾ. ರಾಧಾಕೃಷ್ಣನ್ ಅವರ ಜೊತೆ ಕೈಗೂಡಿಸಿದವನು ಜೂನಿಯರನ ಹಿರಿಯ ಮಗ, ಮೂರನೆಯ ಜಾನ್ ರಾಕ್‌ಫೆಲರ್. ಲೈಬ್ರರಿಯ ಮೆಟ್ಟಿಲ ಮೇಲೆ ನಮಸ್ಕಾರ ಹೇಳಿದ ಎಡ್ಮಂಡ್ಸ್ 1979ರವರೆಗೂ ಬದುಕಿದ್ದ, ತೊಂಬತ್ತಾರು ವರ್ಷ.

ಈ ಜೀವನವನ್ನ ಹೇಗೆ ತೂಗೋದು? ದುಡ್ಡೇ ದೊಡ್ಡಪ್ಪ ಅನ್ನುವ ಗಾದೆ ನಮ್ಮಲ್ಲಿದೆ. ದುಡ್ಡಿಲ್ಲದೆ ಎಡ್ಮಂಡ್ಸನ ಕೂಟ ಭಾನುವಾರದ ಊಟದಲ್ಲೇ ನಿಲ್ಲುತ್ತಿತ್ತು, ಒಪ್ಪಿಕೊಳ್ಳಲೇಬೇಕು. ಆದರೆ ಆ ದುಡ್ಡಿಗೆ ಹೋಗಬೇಕಾದ ದಾರಿ ತೋರಿಸಿದ್ದು ಒಂದು ನಮಸ್ಕಾರ, ಒಂದು ಊಟದ ಮೇಜು. ಜೂನಿಯರನ ದೊಡ್ಡತನ ಕೊಟ್ಟದ್ದರಲ್ಲಿ ಎಷ್ಟಿದೆಯೋ, ಮೂರು ವಾರ ಮಾತಿಲ್ಲದ ಒಬ್ಬ ಅನಾಮಧೇಯ ಹುಡುಗನ ಸಂಕಟ ಸಣ್ಣದಲ್ಲ ಅಂತ ತಿಳಿದದ್ದರಲ್ಲಿ ಅಷ್ಟೇ ಇದೆ. ಲಡ್ಲೋದ ಹನ್ನೊಂದು ಮಕ್ಕಳನ್ನ ತಕ್ಕಡಿಯ ಇನ್ನೊಂದು ತಟ್ಟೆಯಿಂದ ಇಳಿಸುವ ಹಕ್ಕು ಮಾತ್ರ ನಮಗಿಲ್ಲ. ಎರಡನ್ನೂ ಇಟ್ಟುಕೊಂಡೇ ನೋಡಬೇಕು.

ಕೊನೆಗೆ ನನ್ನದೊಂದು ತಪ್ಪೊಪ್ಪಿಗೆ. ಸಂಘಕ್ಕೆ ಸೇರಿದ ಮೇಲೆ ನನ್ನ ಒಂಟಿತನ ಹೋಯಿತು. ಮೆಸ್ಸಿನಲ್ಲಿ ನಮ್ಮದೇ ಒಂದು ಕನ್ನಡ ಮೇಜು ಆಯಿತು. ಗದ್ದಲ, ನಗು, ಊರಿಂದ ಬಂದ ಚಟ್ನಿಪುಡಿ. ಮೊನ್ನೆ ಒಂದು ದಿನ ತಲೆ ಎತ್ತಿ ನೋಡಿದೆ. ನಾನು ಮೊದಲು ಕೂರುತ್ತಿದ್ದ ಅದೇ ಮೂಲೆಯಲ್ಲಿ ಆಫ್ರಿಕದ ಒಬ್ಬ ಹುಡುಗ ಒಬ್ಬನೇ ಕೂತು ಉಣ್ಣುತ್ತಿದ್ದ. ನನ್ನದೇ ಮಹಡಿಯವನು, ಒಂದು ವರ್ಷದಿಂದ ಇದ್ದಾನೆ. ಅವನ ಹೆಸರು ನನಗೆ ಗೊತ್ತಿರಲಿಲ್ಲ. ಆ ಚೀನೀ ಹುಡುಗನದು ಮೂರು ವಾರ, ಇವನದು ಒಂದು ವರ್ಷ. ನಮ್ಮನ್ನ ಕಾಪಾಡಿದ ಸಂಘವೇ ನಮಗೆ ಗೋಡೆಯೂ ಆಗಿಬಿಟ್ಟಿತೇ ಅಂತ ಆವತ್ತು ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಮಾರನೆಯ ದಿನ ಚಟ್ನಿಪುಡಿಯ ಡಬ್ಬಿ ಹಿಡಿದುಕೊಂಡು ಆ ಮೂಲೆಗೆ ಹೋದೆ. ಖಾರಕ್ಕೆ ಅವನ ಕಣ್ಣಲ್ಲಿ ನೀರು ಬಂತು, ಇಬ್ಬರೂ ನಕ್ಕೆವು. ಸಂಘದ ಮುಂದಿನ ಕಾರ್ಯಕ್ರಮಕ್ಕೆ ಅವನು ಬರುತ್ತಾನೆ, ಅವನ ನಾಡಿನ ಒಂದು ಹಾಡು ಹೇಳುತ್ತೇನೆ ಅಂದಿದ್ದಾನೆ. ಕಾರ್ಯದರ್ಶಿಗಳು ಒಂದು ಕುರ್ಚಿ ಹೆಚ್ಚಿಗೆ ಹಾಕಿಸಬೇಕು. ಅದಕ್ಕೆ ರಾಕ್‌ಫೆಲರ್ ಬೇಕಾಗಿಲ್ಲ.